ಮೀನಿನ ಸಾಕ್ಷಿಯನ್ನು ಕಡೆಗಣಿಸಿದ್ದು ಅಪರಾಧ

ಎಂಡೋಸಲ್ಫಾನ್ ಇಷ್ಟು ಘೋರ ವಿಷ ಎಂದು ಆಗ ಗೊತ್ತಿರಲಿಲ್ಲ ಎನ್ನುವ ಹಕ್ಕು ಈ ದೇಶದ ಯಾವ ಇಲಾಖೆಗೂ, ಯಾವ ನಿಗಮಕ್ಕೂ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಗೇರು ಗುಡ್ಡಗಳ ಮೇಲೆ ಆ ಔಷಧಿ ಬೀಳುವ ಮೊದಲೇ ಪ್ರಯೋಗಾಲಯದ ತೊಟ್ಟಿಗಳಲ್ಲಿ ಮೀನುಗಳು ಸತ್ತು ಸಾಕ್ಷಿ ಹೇಳಿದ್ದವು. 1969ರ ಜೂನ್‌ನಲ್ಲಿ ಯುರೋಪಿನ ರೈನ್ ನದಿಗೆ ಇದೇ ಎಂಡೋಸಲ್ಫಾನ್ ಸೇರಿ ಲಕ್ಷಗಟ್ಟಲೆ ಮೀನು ಸತ್ತು ತೇಲಿದ್ದನ್ನು ಇಡೀ ಜಗತ್ತು ಕಂಡಿತ್ತು. ಅದಾದ ಮೇಲೂ ಅದನ್ನು ಹಳ್ಳಕೊಳ್ಳಗಳೇ ತುಂಬಿದ ನಮ್ಮ ಗುಡ್ಡಗಳಲ್ಲಿ ಸಿಂಪಡಿಸಲು ಬಿಟ್ಟವರು ತಿಳಿಯದೆ ತಪ್ಪು ಮಾಡಿದವರಲ್ಲ. ತಿಳಿದುಕೊಳ್ಳಬೇಕಾದದ್ದನ್ನು ತಿಳಿಯಲು ಒಲ್ಲದವರು. ಇದು ನಮ್ಮ ತೀರ್ಪು.

ಹಿನ್ನೆಲೆಯನ್ನು ನೆನಪಿಸಿಕೊಳ್ಳೋಣ. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರುವ ಟೀ ಸೊಳ್ಳೆಯ ಕಾಟ ಬೆಳೆಗಾರರಿಗೆ ನಿಜವಾದ ಸಂಕಟ. ಅದರ ಹತೋಟಿಗೆಂದು ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸುರಿಯಿತು. ಕರ್ನಾಟಕದಲ್ಲಿ 1978ರಲ್ಲಿ ಸ್ಥಾಪನೆಯಾದ ಗೇರು ಅಭಿವೃದ್ಧಿ ನಿಗಮ ಅದೇ ಹಾದಿ ಹಿಡಿಯಿತು. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಪತ್ರಕರ್ತ ಶ್ರೀ ಪಡ್ರೆ ಮತ್ತು ವೈದ್ಯ ಡಾ. ಮೋಹನ್ ಕುಮಾರ್ ಎಚ್ಚರಿಕೆಯ ದನಿ ಎತ್ತಿದರು. ನ್ಯಾಯಾಲಯಗಳ ಮಧ್ಯಪ್ರವೇಶದಿಂದ 2000ದ ಹೊತ್ತಿಗೆ ವೈಮಾನಿಕ ಸಿಂಪರಣೆ ನಿಂತಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ಹಾಕಿತು. ಉಡುಪಿಯ ಡಾ. ರವೀಂದ್ರನಾಥ ಶಾನಭಾಗರಂಥವರು ಸಂತ್ರಸ್ತರ ಪರವಾಗಿ ಹೈಕೋರ್ಟ್ ಮೆಟ್ಟಿಲೇರಿದರು. ದಕ್ಷಿಣ ಕನ್ನಡ, ಉಡುಪಿಗಳಂತೆ ಉತ್ತರ ಕನ್ನಡದ ಈ ತಾಲ್ಲೂಕುಗಳಲ್ಲೂ ಇಂದು ಸರ್ಕಾರವೇ ಗುರುತಿಸಿದ ಎಂಡೋಸಲ್ಫಾನ್ ಪೀಡಿತ ಕುಟುಂಬಗಳಿವೆ.

ಈ ಕಥೆಯಲ್ಲಿ ಜನರ ಸಂಕಟದ ಬಗ್ಗೆ ಬಹಳ ಬರೆಯಲಾಗಿದೆ, ಇನ್ನೂ ಬರೆಯಬೇಕಿದೆ. ಆದರೆ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಸ್ಪಷ್ಟವಾಗಿ ನುಡಿದ ಸಾಕ್ಷಿಯೊಂದನ್ನು ಯಾರೂ ವಿಚಾರಣೆಗೆ ಕರೆಯಲೇ ಇಲ್ಲ. ಅದು ಸಿಹಿನೀರಿನ ಮೀನು.

ರಾಸಾಯನಿಕವೊಂದು ಮೀನಿಗೆ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ಮಾರಕ ಎಂದು ಅಳೆಯುವ ವಿಧಾನ ಸರಳ, ಕಟ್ಟುನಿಟ್ಟಾದದ್ದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ 1981ರಲ್ಲಿ ರೂಪಿಸಿದ 203ನೇ ಸಂಖ್ಯೆಯ ಮಾರ್ಗಸೂಚಿಯೇ ಇಂದಿಗೂ ಜಗತ್ತಿನ ಅಳತೆಗೋಲು. ಕನಿಷ್ಠ ಐದು ತೊಟ್ಟಿಗಳಲ್ಲಿ ಏರುವ ಕ್ರಮದಲ್ಲಿ ವಿಷ ಬೆರೆಸುತ್ತಾರೆ. ಇನ್ನೊಂದರಲ್ಲಿ ಬರೀ ನೀರು ಇಡುತ್ತಾರೆ. ಪ್ರತಿ ತೊಟ್ಟಿಗೆ ಕನಿಷ್ಠ ಏಳು ಮೀನು. ಆಹಾರ ಕೊಡುವಂತಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಅದರ ಗರಿಷ್ಠ ಮಟ್ಟದ ಶೇ 60ಕ್ಕಿಂತ ಇಳಿಯುವಂತಿಲ್ಲ. ಬರೀ ನೀರಿನ ತೊಟ್ಟಿಯಲ್ಲಿ ಶೇ 10ಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪರೀಕ್ಷೆಯೇ ಅಸಿಂಧು. 24, 48, 72, 96 ಗಂಟೆಗಳಿಗೆ ಸತ್ತವನ್ನು ಎಣಿಸುತ್ತಾರೆ. ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣ ಯಾವುದೋ ಅದೇ ಉತ್ತರ. ವಿಜ್ಞಾನಿಗಳು ಅದನ್ನು ಎಲ್‌ಸಿ 50 ಎನ್ನುತ್ತಾರೆ.

ಎಂಡೋಸಲ್ಫಾನ್ ವಿಷಯದಲ್ಲಿ ಬಂದ ಉತ್ತರ ಬೆಚ್ಚಿಬೀಳಿಸುವಂಥದ್ದು. ಬಹುತೇಕ ಸಿಹಿನೀರಿನ ಮೀನುಗಳಿಗೆ ಅದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ಕೆಲವು ಜಾತಿಗಳಿಗೆ ಒಂದು ಮೈಕ್ರೋಗ್ರಾಂ ಆಸುಪಾಸು. ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಗೇರಿಗೆ ಶಿಫಾರಸಾಗಿದ್ದ ಸಿಂಪರಣಾ ದ್ರಾವಣದ ಪ್ರಮಾಣ ಶೇ 0.05, ಅಂದರೆ ಲೀಟರಿಗೆ 500 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ. ಮಾರಕ ಪ್ರಮಾಣ 5 ಮೈಕ್ರೋಗ್ರಾಂ ಎಂದು ಹಿಡಿದರೂ, ಸಿಂಪರಣೆಯ ಒಂದೇ ಒಂದು ಲೀಟರ್ ದ್ರಾವಣ 1 ಲಕ್ಷ ಲೀಟರ್ ನೀರಿನಲ್ಲಿ ಬೆರೆತಾಗಲೂ ಅಲ್ಲಿನ ಅರ್ಧ ಮೀನುಗಳನ್ನು ಕೊಲ್ಲಬಲ್ಲದು. ಈ ಲೆಕ್ಕಕ್ಕೆ ದೊಡ್ಡ ಪ್ರಯೋಗಾಲಯ ಬೇಕಿರಲಿಲ್ಲ. ಕಾಗದ, ಪೆನ್ನು ಹಾಗೂ ಆತ್ಮಸಾಕ್ಷಿ ಸಾಕಿತ್ತು.

ಆ ನೀರು ಯಾವುದು ಎಂಬುದನ್ನೂ ನೋಡಬೇಕು. ಗೇರು ಚಿಗುರುವುದು ಮಳೆಗಾಲ ಮುಗಿದ ಮೇಲೆ, ಹೂ ಬಿಡುವುದು ಚಳಿಗಾಲದಲ್ಲಿ. ಹಾಗಾಗಿ ಸಿಂಪರಣೆಯ ಕಾಲವೂ ಅದೇ. ಭಟ್ಕಳದ ವೆಂಕಟಾಪುರ ಹೊಳೆಗೆ, ಹೊನ್ನಾವರದ ಗುಂಡಬಾಳ ಹೊಳೆಗೆ, ಶರಾವತಿಗೆ, ಕುಮಟಾದ ಅಘನಾಶಿನಿಗೆ ನೀರೂಡುವ ಹಳ್ಳಗಳು ಸೊರಗತೊಡಗುವುದೂ ಆಗಲೇ. ಆಷಾಢದ ಕೆಂಪು ನೀರಿನಲ್ಲಿ ವಿಷ ತೆಳುವಾದೀತು. ಪುಷ್ಯ, ಮಾಘಗಳಲ್ಲಿ ಹರಿವು ಎಳೆಯಾಗಿ, ಉಳಿದ ಗುಂಡಿಗಳಲ್ಲಿ ಮೀನು, ಏಡಿ, ಸಿಗಡಿಗಳು ಒತ್ತೊತ್ತಾಗಿ ಸೇರಿರುತ್ತವೆ. ಗುಡ್ಡದ ಬುಡದ ಮನೆಗಳು ಕುಡಿಯಲು, ಅಡುಗೆಗೆ ಅದೇ ಅಬ್ಬಿ ನೀರನ್ನು ಹಿಡಿಯುತ್ತವೆ. ಘಟ್ಟದ ಬುಡದಿಂದ ಕಡಲಿಗೆ ಇಲ್ಲಿ ಕೆಲವೇ ಹರದಾರಿ; ಹಳ್ಳಕ್ಕೆ ಬಿದ್ದದ್ದು ಗಜನಿ ಗದ್ದೆಯನ್ನೂ ಬಳಚು ಹೆಕ್ಕುವ ಅಳಿವೆಯನ್ನೂ ಮುಟ್ಟಲು ಹೆಚ್ಚು ಹೊತ್ತು ಬೇಡ. ಸಿಂಪರಣೆಯ ವೇಳಾಪಟ್ಟಿ ಬರೆದವರು ಮರದ ಹೂ ನೋಡಿದರು, ಮರದ ಕೆಳಗಿನ ನೀರು ನೋಡಲಿಲ್ಲ.

ಮೀನು ಸತ್ತ ಮಾತ್ರಕ್ಕೆ ಮನುಷ್ಯನಿಗೂ ಕಾಯಿಲೆ ಬರುತ್ತದೆಂದು ಸಾಬೀತಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಸರಿ, ತೊಟ್ಟಿಯ ಪರೀಕ್ಷೆ ಮಗುವಿನ ಅಂಗವೈಕಲ್ಯವನ್ನು ಅಳೆಯುವುದಿಲ್ಲ. ಆದರೆ ಎಂಡೋಸಲ್ಫಾನ್ ತೊಟ್ಟಿಯ ಮೀನು ಮೊದಲು ಚಡಪಡಿಸಿ, ನೆಲೆ ತಪ್ಪಿ, ಸೆಟೆದುಕೊಂಡು ಸಾಯುವುದು ಅದರ ನರಗಳ ಹತೋಟಿ ಕೆಟ್ಟು. ನರದ ಉದ್ರೇಕವನ್ನು ತಡೆದು ಶಾಂತಗೊಳಿಸುವ ಗ್ಯಾಬಾ ಎಂಬ ವ್ಯವಸ್ಥೆಯನ್ನೇ ಆ ವಿಷ ಕಟ್ಟಿಹಾಕುತ್ತದೆ. ಆ ವ್ಯವಸ್ಥೆ ಮನುಷ್ಯನ ಮಿದುಳಿನಲ್ಲೂ ಇದೆ. ಇಂಥ ರಾಸಾಯನಿಕವನ್ನು ಜನ ಕುಡಿಯುವ ನೀರಿನ ಮೇಲ್ಭಾಗದಲ್ಲಿ ಸಿಂಪಡಿಸಬಾರದು ಎಂಬಷ್ಟು ಎಚ್ಚರಿಕೆಗೆ ಮೀನಿನ ಸಾವು ಧಾರಾಳವಾಗಿ ಸಾಕಿತ್ತು.

ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. 96 ಗಂಟೆಯ ಪರೀಕ್ಷೆ ಅಪಾಯದ ಮೊದಲ ಗಂಟೆಯೇ ಹೊರತು ಸುರಕ್ಷತೆಯ ಪ್ರಮಾಣಪತ್ರವಲ್ಲ. ಐದನೆಯ ದಿನ ಏನಾಯಿತು ಎಂದು ಅದು ನೋಡುವುದಿಲ್ಲ. ಮೊಟ್ಟೆ ಒಡೆಯಿತೇ, ಮರಿ ಬೆಳೆಯಿತೇ ಎಂದು ಕೇಳುವುದಿಲ್ಲ. ಎಂಡೋಸಲ್ಫಾನ್ ಮಣ್ಣಿನಲ್ಲಿ ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದು ಮೂಲ ವಿಷದಷ್ಟೇ ಕ್ರೂರ, ಅದಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ನಾಲ್ಕು ದಿನದ ತೊಟ್ಟಿಗೆ ಇದು ಕಾಣುವುದಿಲ್ಲ. ಪರೀಕ್ಷೆಗೆ ಒಡ್ಡುವ ಮೀನುಗಳೂ ಬೇರೆ: ಜೀಬ್ರಾ ಮೀನು, ಸಾಮಾನ್ಯ ಗೆಂಡೆ, ಗಪ್ಪಿ, ಚಳಿನಾಡಿನ ಟ್ರೌಟ್. ಶರಾವತಿಯ ಹೆಸರನ್ನೇ ಹೊತ್ತ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಮೀನನ್ನು ವಿಜ್ಞಾನ ಗುರುತಿಸಿದ್ದೇ 2004ರಲ್ಲಿ. ಅಂಥ ಸ್ಥಳೀಯ ಜಾತಿಗಳು ಆ ಮಾರ್ಗಸೂಚಿಯ ಪಟ್ಟಿಯಲ್ಲಿಲ್ಲ. ನಮ್ಮ ದೇಶದ ಪ್ರಯೋಗಗಳಲ್ಲಿ ಬಹಳ ಸಲ ಬಳಸುವುದು ಕೊರವನಂಥ ಗಟ್ಟಿಜೀವಗಳನ್ನು. ಅವು ನೇರವಾಗಿ ಗಾಳಿಯನ್ನೂ ಉಸಿರಾಡಿ ಬದುಕಬಲ್ಲವು. ಗಟ್ಟಿ ಮೀನಿನ ಮೇಲೆ ಪಡೆದ ಅಂಕಿಯನ್ನು ಸೂಕ್ಷ್ಮ ಮೀನಿನ ಹಳ್ಳಕ್ಕೆ ಅನ್ವಯಿಸುವುದು ಮೋಸ.

ಮೀನಿನ ಸಾಕ್ಷಿಯನ್ನು ಬದಿಗೊತ್ತುವ ಕೆಲಸ ಇಂದಿಗೂ ನಿಂತಿಲ್ಲ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದಲ್ಲ, ಅದನ್ನು ನಿರ್ಧರಿಸುವುದು ಇಲಿಯಂಥ ಪ್ರಾಣಿಗಳ ಮೇಲಿನ ಮಾರಕ ಪ್ರಮಾಣದಿಂದ. ಮೀನಿಗೆ ಅದರಲ್ಲಿ ಪಾಲಿಲ್ಲ. ಬೆಳೆಗಾರ ಬಣ್ಣ ನೋಡಿ ಇದು ಅಷ್ಟೇನೂ ವಿಷವಲ್ಲ ಎಂದುಕೊಳ್ಳುತ್ತಾನೆ. ಹಳ್ಳಕ್ಕೆ ಅದು ಯಮನಾಗಿರಬಹುದು. ಎಂಡೋಸಲ್ಫಾನ್ ಹೋದ ಮೇಲೆ ಟೀ ಸೊಳ್ಳೆಗೆ ಶಿಫಾರಸಾಗಿರುವ ಔಷಧಿಗಳಲ್ಲಿ ಲ್ಯಾಂಬ್ಡಾ ಸೈಹಲೋಥ್ರಿನ್ ಒಂದು. ಸಿಂಪರಣೆಯ ಪ್ರಮಾಣ ಶೇ 0.003 ಮಾತ್ರ. ಕೇಳಲು ಅಲ್ಪ. ಆದರೆ ಪರೀಕ್ಷೆಗೆ ಒಳಗಾದ ಕೆಲವು ಮೀನುಗಳಿಗೆ ಅದರ ಮಾರಕ ಪ್ರಮಾಣ ಲೀಟರಿಗೆ ಸುಮಾರು 0.2 ಮೈಕ್ರೋಗ್ರಾಂ. ಹಿಂದಿನ ಲೆಕ್ಕವನ್ನೇ ಇಲ್ಲೂ ಹಾಕಿದರೆ, ಒಂದು ಲೀಟರ್ ದ್ರಾವಣಕ್ಕೆ 1.5 ಲಕ್ಷ ಲೀಟರ್ ನೀರು. ಈ ರಾಸಾಯನಿಕ ಮಣ್ಣು, ರಾಡಿಗೆ ಬೇಗ ಅಂಟಿಕೊಳ್ಳುವುದರಿಂದ ಹರಿವ ನೀರಿನಲ್ಲಿ ಅಷ್ಟು ಉಳಿಯುವುದಿಲ್ಲ ಎಂಬುದು ನಿಜ. ಆದರೆ ರಾಡಿಯಲ್ಲೇ ಬಾಳುವ ಸಿಗಡಿ, ಏಡಿ, ಹುಳುಗಳಿಗೆ ಆ ಸಮಾಧಾನ ಇಲ್ಲ. ಒಂದು ವಿಷವನ್ನು ನಿಷೇಧಿಸಿ, ಮೀನಿಗೆ ಅದಕ್ಕಿಂತ ತೀಕ್ಷ್ಣವಾದ ಇನ್ನೊಂದನ್ನು ಅದೇ ಗುಡ್ಡಕ್ಕೆ ಒಯ್ಯುವಾಗ ಹಳ್ಳದ ಗತಿಯೇನೆಂದು ಕೇಳದ ಆಡಳಿತ ಕಾಸರಗೋಡಿನಿಂದ ಏನನ್ನೂ ಕಲಿತಿಲ್ಲ.

ಬೆಳೆಗಾರರ ಮೇಲೆ ನಮ್ಮ ಆರೋಪವಿಲ್ಲ. ಫಸಲು ಕಳೆದುಕೊಳ್ಳುವವನಿಗೆ ಬೇರೆ ದಾರಿ ತೋರಿಸುವುದು ಸರ್ಕಾರದ ಕರ್ತವ್ಯ. ದಾರಿಗಳೂ ಇವೆ. ಗೇರು ಮರದಲ್ಲಿ ಗೂಡು ಕಟ್ಟುವ ಚಗಳಿ ಇರುವೆ ಟೀ ಸೊಳ್ಳೆಯ ಜಾತಿಯ ಕೀಟಗಳನ್ನು ಹತೋಟಿಯಲ್ಲಿಡುತ್ತದೆ ಎಂದು ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ನಡೆದ ಸಂಶೋಧನೆ ತೋರಿಸಿದೆ. ಚಗಳಿಯ ಚಟ್ನಿ ತಿಂದು ಬೆಳೆದ ಜಿಲ್ಲೆಗೆ ಆ ಇರುವೆಯನ್ನು ಪರಿಚಯಿಸಬೇಕಾಗಿಲ್ಲ. ಅದನ್ನು ಕಾಪಾಡುವ ಕೃಷಿ ಸಲಹೆ ಬೇಕಾಗಿದೆ.

ಪ್ರಯೋಗಾಲಯದಲ್ಲಿ ಮೀನನ್ನು ಕೊಲ್ಲುವುದೇ ತಪ್ಪು ಎನ್ನುವವರ ಮಾತಿಗೂ ತೂಕವಿದೆ. ಒಂದು ಪರೀಕ್ಷೆಗೆ ಕನಿಷ್ಠ 42 ಮೀನು ಬೇಕು. ಜೀಬ್ರಾ ಮೀನಿನ ಭ್ರೂಣಗಳ ಮೇಲೆ ನಡೆಸುವ ಪರೀಕ್ಷೆಗೆ 2013ರಲ್ಲಿ, ಕಿವಿರಿನ ಜೀವಕೋಶಗಳ ಮೇಲಿನ ಪರೀಕ್ಷೆಗೆ 2021ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಸಾಧ್ಯವಿರುವಲ್ಲೆಲ್ಲ ಅವನ್ನೇ ಬಳಸಬೇಕು. ಆದರೆ ಮೀನನ್ನು ಕೊಂದು ಪಡೆದ ಅಂಕಿಯನ್ನು ಕಡತದಲ್ಲಿ ಮುಚ್ಚಿಟ್ಟು, ಅದೇ ವಿಷವನ್ನು ಹೊಳೆಯ ಮೇಲೆ ಚೆಲ್ಲುವುದು ಎರಡು ಪಟ್ಟು ಕ್ರೌರ್ಯ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಕೊಡುವ ಕೇಂದ್ರ ಸಮಿತಿ ಪ್ರತಿ ಕೀಟನಾಶಕವು ಮೀನಿಗೆ ಎಷ್ಟು ಮಾರಕ ಎಂಬ ಅಂಕಿಯನ್ನು ಸಾರ್ವಜನಿಕಗೊಳಿಸಬೇಕು. ಡಬ್ಬಿಯ ಮೇಲೆ ಅದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಮುದ್ರಿಸಬೇಕು. ಹಳ್ಳ, ಅಬ್ಬಿ, ಬಾವಿಗಳಿಂದ ಎಷ್ಟು ದೂರದವರೆಗೆ ಸಿಂಪಡಿಸುವಂತಿಲ್ಲ ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸಬೇಕು. ಕರಾವಳಿಯಲ್ಲಿ ಶಿಫಾರಸು ಮಾಡುವ ಯಾವ ಔಷಧಿಯಾದರೂ ನಮ್ಮ ಹಳ್ಳದ ನೀರಿನಲ್ಲಿ, ನಮ್ಮ ಚಳಿಗಾಲದ ಉಷ್ಣತೆಯಲ್ಲಿ, ನಮ್ಮ ಮೀನುಗಳ ಸಹಿಷ್ಣುತೆಗೆ ತಕ್ಕಂತೆ ಪರೀಕ್ಷೆಯಾಗಬೇಕು. 1969ರಿಂದ ಇರುವ ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾರವಾರ ಕೋಡಿಬಾಗದ ಕಡಲಜೀವ ಅಧ್ಯಯನ ವಿಭಾಗ, ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ — ಇವೆಲ್ಲ ಇರುವಾಗ ಸಾಧನವಿಲ್ಲ ಎಂಬ ನೆಪ ನಡೆಯದು. ಗೇರು ನಿಗಮ ತನ್ನ ಹಳೆಯ ಸಿಂಪರಣೆಯ ದಾಖಲೆಗಳನ್ನು ತಾಲ್ಲೂಕುವಾರು ಬಿಚ್ಚಿಡಬೇಕು. ಹೊಳೆಯಲ್ಲಿ ಮೀನು ಸತ್ತು ತೇಲಿದಾಗ ಮಾಲಿನ್ಯ ನಿಯಂತ್ರಣ ಮಂಡಳಿ ಅಂದೇ ನೀರು, ರಾಡಿ, ಸತ್ತ ಮೀನುಗಳ ಮಾದರಿ ಸಂಗ್ರಹಿಸಿ, ಫಲಿತಾಂಶವನ್ನು ಪಂಚಾಯಿತಿಯ ಮುಂದಿಡಬೇಕು. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕಾ ಕಾಯ್ದೆಯೇ ಅಪರಾಧ ಎಂದಿದೆ. ರಾತ್ರೋರಾತ್ರಿ ಹಳ್ಳಕ್ಕೆ ಬ್ಲೀಚಿಂಗ್ ಪೌಡರ್ ಸುರಿಯುವವನಿಗೆ ಅನ್ವಯಿಸುವ ನ್ಯಾಯ, ಸರ್ಕಾರಿ ಶಿಫಾರಸಿನ ಹೆಸರಲ್ಲಿ ಹಳ್ಳವನ್ನು ಕೊಲ್ಲುವವರಿಗೂ ಅನ್ವಯಿಸಬೇಕು.

ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಬಂದಿದೆ. ಅಳಿವೆಯನ್ನು ಜಗತ್ತಿಗೆ ತೋರಿಸಿ, ಅದಕ್ಕೆ ನೀರು ತರುವ ಹಳ್ಳಗಳನ್ನು ಕೀಟನಾಶಕಕ್ಕೆ ಬಿಟ್ಟುಕೊಟ್ಟರೆ ಆ ಮಾನ್ಯತೆಗೆ ಅರ್ಥವಿಲ್ಲ. ಎಂಡೋಸಲ್ಫಾನ್ ಪೀಡಿತರ ಮನೆಗಳಿಗೆ ಮಾಸಾಶನ ಕಳಿಸಿದ ಮಾತ್ರಕ್ಕೆ ಸರ್ಕಾರದ ಹೊಣೆ ಮುಗಿಯುವುದಿಲ್ಲ. ಅಂಥ ಇನ್ನೊಂದು ಮನೆ ಹುಟ್ಟದಂತೆ ನೋಡಿಕೊಳ್ಳುವುದು ಅದರ ಮೊದಲ ಹೊಣೆ. ಪರೀಕ್ಷೆಯ ಅಂಕಿ ಕೈಯಲ್ಲಿದ್ದೂ ಸಿಂಪರಣೆಗೆ ಸಹಿ ಹಾಕುವ ಅಧಿಕಾರಿ ಇನ್ನು ಮುಂದೆ ಅದರ ಪರಿಣಾಮಕ್ಕೆ ವೈಯಕ್ತಿಕವಾಗಿ ಉತ್ತರಿಸಬೇಕು. ಇದಕ್ಕಿಂತ ಕಡಿಮೆ ಯಾವುದನ್ನೂ ಈ ಮೂರು ತಾಲ್ಲೂಕುಗಳ ಜನ ಒಪ್ಪಬಾರದು.