ಭೂಸ್ವಾಧೀನ: ಕೊಂಡದ್ದಕ್ಕೆ ಕಡತವಿದೆ, ಕೊಟ್ಟದ್ದಕ್ಕೆ?

ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಯಲ್ಲಿ ಶರಾವತಿಯ ಹಿನ್ನೀರು ತಗ್ಗಿದಾಗ, ಸಾಗರ ತಾಲ್ಲೂಕಿನ ಮಡೆನೂರಿನ ಹಳೆಯ ಅಣೆಕಟ್ಟು ಕಣ್ಣಿಗೆ ಬೀಳುತ್ತದೆ. ಹಿರೇಭಾಸ್ಕರವೆಂಬ ಹೆಸರಿನ ಈ ಕಟ್ಟೆಯನ್ನು ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರುಣಿಸಲೆಂದು 1940ರ ದಶಕದಲ್ಲಿ ಕಟ್ಟಲಾಯಿತು. 1964ರಲ್ಲಿ ಅದರ ಕೆಳಗೆ ಲಿಂಗನಮಕ್ಕಿ ಎದ್ದಿತು. ಮುಳುಗಿಸಿದ ಕಟ್ಟೆಯೇ ಮುಳುಗಿಹೋಯಿತು. ಈಗ ನೋಡಹೋದವರು ಚಿತ್ರ ತೆಗೆದುಕೊಂಡು ಮರಳುತ್ತಾರೆ. ಆ ಕೆಸರಿನಲ್ಲಿ ತಮ್ಮ ಮನೆಯ ಜಗಲಿ ಎಲ್ಲಿತ್ತೆಂದು ತೋರಿಸಬಲ್ಲ ಹಿರಿಯರು ವಿರಳವಾಗುತ್ತಿದ್ದಾರೆ. ಸರ್ಕಾರವು ಖಾಸಗಿಯವರ ಭೂಮಿಯನ್ನು ಬಲವಂತವಾಗಿ ಪಡೆಯುವ ಕಾಯಿದೆಯ ಬಗ್ಗೆ ಬರೆಯಲು ಕುಳಿತಾಗ ನಮಗೆ ಮೊದಲು ನೆನಪಾದುದು ಆ ಜಗಲಿಗಳೇ.

ಶಿವಪ್ಪನಾಯಕರ ‘ಶಿಸ್ತಿ’ನ ಕಾಲದಿಂದಲೂ ಗದ್ದೆ-ತೋಟಗಳು ಲೆಕ್ಕಕ್ಕೆ ಸೇರಿದ ನಾಡು ನಮ್ಮದು. ಲಿಂಗನಮಕ್ಕಿಯ ನೀರು ಮುನ್ನೂರು ಚದರ ಕಿಲೋಮೀಟರಿನಷ್ಟು ನೆಲವನ್ನು ಆವರಿಸಿತು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಪೂರ್ತಿಯಾಗಿಯೋ ಭಾಗಶಃವೋ ಅದರಲ್ಲಿ ಸೇರಿದವು. ಕೊಳ್ಳುವ ಕ್ರಮವನ್ನು 1894ರ ಕಾಯಿದೆ ಅಚ್ಚುಕಟ್ಟಾಗಿ ಹೇಳಿತ್ತು. ಮೊದಲು ಪ್ರಾಥಮಿಕ ಅಧಿಸೂಚನೆ, ಬಳಿಕ ಆಕ್ಷೇಪಣೆಯ ವಿಚಾರಣೆ, ಅಂತಿಮ ಘೋಷಣೆ, ಕೊನೆಗೆ ಐತೀರ್ಪು. ಮಾರುಕಟ್ಟೆಯ ಬೆಲೆಯ ಮೇಲೆ ಶೇ. 15ರಷ್ಟು ‘ಸೊಲೇಷಿಯಂ’, ಎಂದರೆ ಸಾಂತ್ವನದ ಹಣ. ನಿಮ್ಮ ಇಷ್ಟಕ್ಕೆ ವಿರುದ್ಧವಾಗಿ ಕೊಳ್ಳುತ್ತಿದ್ದೇವೆಂದು ಕಾಯಿದೆಯೇ ಒಪ್ಪಿಕೊಂಡ ಮಾತದು. 1984ರಲ್ಲಿ ಅದು ಶೇ. 30 ಆಯಿತು. ಆದರೆ ಮಾರುಕಟ್ಟೆಯ ಬೆಲೆಗೆ ಮುಖ್ಯ ಆಧಾರ ನೆರೆಹೊರೆಯ ಕ್ರಯಪತ್ರಗಳು. ತಲೆಮಾರುಗಳ ಕಾಲ ಯಾರೂ ಮಾರದ ಅಡಿಕೆ ತೋಟಕ್ಕೆ ಕ್ರಯಪತ್ರ ಎಲ್ಲಿಂದ ಬರಬೇಕು? ತೋಟದ ಉಸಿರಾದ ಸೊಪ್ಪಿನ ಬೆಟ್ಟವಂತೂ ಸರ್ಕಾರದ್ದೇ ಆದ್ದರಿಂದ, ತೋಟದಂತೆ ಅದಕ್ಕೆ ಬೆಲೆ ಕಟ್ಟುವ ಮಾತೇ ಇರಲಿಲ್ಲ.

ಗೇಣಿದಾರರ ಪಾಡು ಇನ್ನೂ ಬೇರೆ. 1951ರ ಕಾಗೋಡು ಸತ್ಯಾಗ್ರಹ ನಡೆದುದು ಇದೇ ಸಾಗರ ತಾಲ್ಲೂಕಿನಲ್ಲಿ. ಉಳುವವನೇ ಒಡೆಯನೆಂಬ ಮಾತಿಗೆ ಕಾಯಿದೆಯ ಬಲ ಪೂರ್ಣವಾಗಿ ಬಂದುದು 1974ರ ಮಾರ್ಚ್ 1ರಂದು. ನಡುವೆ 1964ರಲ್ಲಿ ನೀರು ಬಂದಿತ್ತು. ಹತ್ತು ವರ್ಷ ತಡವಾಗಿದ್ದರೆ ಒಡೆಯನಾಗಬಹುದಾಗಿದ್ದವನ ಗದ್ದೆ, ಒಡೆತನ ಬರುವ ಹೊತ್ತಿಗೆ ಹಿನ್ನೀರಿನ ತಳದಲ್ಲಿತ್ತು. ಈ ಲೆಕ್ಕವನ್ನು ಯಾವ ಐತೀರ್ಪಿನಲ್ಲಿ ಬರೆಯುವುದು?

ಮುಳುಗಡೆಯವರನ್ನು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಮೊದಲಾದ ತಾಲ್ಲೂಕುಗಳ ಕಾಡಿನ ನೆಲದಲ್ಲಿ ನೆಲೆಗೊಳಿಸಲಾಯಿತು. ನಮ್ಮ ತಕರಾರು ಇರುವುದು ಇಲ್ಲಿಯೇ. ಕೊಳ್ಳುವಾಗ ಸರ್ವೆ ನಂಬರು, ಗುಂಟೆ, ಮರಗಳ ಎಣಿಕೆ ಎಲ್ಲವೂ ಬರಹಕ್ಕೆ ಬಂದವು. ಕೊಡುವಾಗ ಮಾತ್ರ, ಹಲವೆಡೆ ಆ ನೆಲ ಅರಣ್ಯವೆಂಬ ದಾಖಲೆಯಿಂದ ಹೊರಬರಲೇ ಇಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತು. ಅಂದಿನಿಂದ ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ರಾಜ್ಯವು ಅರಣ್ಯಭೂಮಿಯನ್ನು ಬಿಡಿಸುವಂತಿಲ್ಲ. ರಾಜ್ಯವು ಮುಂದೆ ಆ ಅನುಮತಿಯಿಲ್ಲದೆಯೇ ಸಂತ್ರಸ್ತರ ಜಾಗಗಳನ್ನು ಅರಣ್ಯದಿಂದ ಬಿಡಿಸಿ ಹೊರಡಿಸಿದ ಅಧಿಸೂಚನೆಗಳನ್ನು ಉಚ್ಚ ನ್ಯಾಯಾಲಯ 2021ರಲ್ಲಿ ರದ್ದುಪಡಿಸಿತು. ನ್ಯಾಯಾಲಯವನ್ನು ದೂರುವಂತಿಲ್ಲ, ಕಾಯಿದೆ ಇದ್ದುದೇ ಹಾಗೆ. ಆದರೆ ನಾಡಿಗೆ ಬೆಳಕು ಕೊಡಲೆಂದು ಮನೆ ಬಿಟ್ಟವರ ಮೊಮ್ಮಕ್ಕಳು ಅರಣ್ಯ ಒತ್ತುವರಿದಾರರೆನಿಸಿಕೊಳ್ಳುವಂತಾಯಿತಲ್ಲ! ಹಿನ್ನೀರಿನ ಆಚೆ ಉಳಿದ ಕರೂರು ಸೀಮೆಯವರು ಲಾಂಚಿಗೆ ಕಾದು ಕುಳಿತ ಕಾಲ, ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ಉದ್ಘಾಟನೆಯಿಂದ 2025ರ ಜುಲೈ 14ರಂದು ಮುಗಿಯಿತು. ಹಕ್ಕುಪತ್ರಕ್ಕೆ ಕಾದವರ ಸೇತುವೆ ಇನ್ನೂ ಆಗಿಲ್ಲ.

ಆಸ್ತಿಯ ಹಕ್ಕು 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. 300-ಎ ವಿಧಿಯ ಸಂವಿಧಾನಾತ್ಮಕ ಹಕ್ಕಾಗಿ ಉಳಿದಿದೆ. ಕೋಲ್ಕತ್ತ ಮಹಾನಗರಪಾಲಿಕೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಈ ವಿಧಿಯಲ್ಲಿ ಏಳು ಹಕ್ಕುಗಳು ಅಡಗಿವೆ ಎಂದಿತು: ತಿಳಿವಳಿಕೆ, ಆಲಿಸುವಿಕೆ, ಕಾರಣಸಹಿತ ತೀರ್ಮಾನ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ಕ್ರಮ, ಕೊನೆಯದಾಗಿ ಮುಕ್ತಾಯ. ಆ ಮುಕ್ತಾಯ ಭೂಮಿ ಸರ್ಕಾರಕ್ಕೆ ಸೇರುವುದನ್ನು ಕುರಿತದ್ದು. ಭೂಮಿ ಬಿಟ್ಟವನ ಬದಲಿ ನೆಲಕ್ಕೂ ಒಂದು ಮುಕ್ತಾಯ ಬೇಡವೇ ಎಂದು ನಾವು ಕೇಳುತ್ತೇವೆ.

2014ರ ಜನವರಿ 1ರಿಂದ 1894ರ ಕಾಯಿದೆಯಿಲ್ಲ. 2013ರ ಹೊಸ ಕಾಯಿದೆ ಜಾರಿಯಲ್ಲಿದೆ. ಸೊಲೇಷಿಯಂ ಈಗ ಶೇ. 100. ಮೂರು ವರ್ಷಗಳಿಂದ ಅಲ್ಲಿಯೇ ಇದ್ದು ಆ ನೆಲದಿಂದ ಬದುಕುತ್ತಿದ್ದ ಗೇಣಿದಾರರೂ ಕೃಷಿಕೂಲಿಗಳೂ ಬಾಧಿತ ಕುಟುಂಬವೆಂದು ಎಣಿಕೆಗೆ ಬರುತ್ತಾರೆ. ಕಾಗೋಡಿನವರಿಗೆ ಆಗ ಇಷ್ಟು ಸಿಕ್ಕಿದ್ದರೆ ಎನಿಸದಿರದು.

ಓದುಗ ಬಂಧುಗಳ ಮನೆಗೆ ಅಂಥ ನೋಟೀಸು ಬಂದರೆ ದಿನ ಎಣಿಸಬೇಕು. ಪ್ರಾಥಮಿಕ ಅಧಿಸೂಚನೆಯಿಂದ 60 ದಿನಗಳೊಳಗೆ ಆಕ್ಷೇಪಣೆ ಬರಹದಲ್ಲಿ ಸೇರಬೇಕು. ರಾಷ್ಟ್ರೀಯ ಹೆದ್ದಾರಿಗೆ 1956ರ ಬೇರೆ ಕಾಯಿದೆಯಿದ್ದು, ಅಲ್ಲಿ ಅವಧಿ ಬರೀ 21 ದಿನ. ಅರವತ್ತೆಂದು ನಂಬಿ ಕುಳಿತರೆ ಕೆಟ್ಟಂತೆ. ಪರಿಹಾರದ ಮೊತ್ತ ಕಡಿಮೆಯೆನಿಸಿದರೆ ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದೆ’ ಎಂದು ಬರೆದೇ ಸಹಿ ಮಾಡಬೇಕು. ಸುಮ್ಮನೆ ಸಹಿ ಮಾಡಿದವರಿಗೆ ಮುಂದೆ ಹೆಚ್ಚುವರಿ ಕೇಳುವ ದಾರಿ ಮುಚ್ಚುತ್ತದೆ. ಐತೀರ್ಪಿನ ಹೊತ್ತಿಗೆ ಹಾಜರಿದ್ದವರು ಆರು ವಾರಗಳೊಳಗೆ ಪ್ರಕರಣವನ್ನು ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಅರ್ಜಿ ಕೊಡಬೇಕು.

ಎಲ್ಲಕ್ಕೂ ಮೊದಲು ಪಹಣಿ ತೆಗೆಸಿ ನೋಡಿರಿ. ಅಜ್ಜ ಲಿಂಗೈಕ್ಯರಾಗಿ ಮೂವತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲಿಯೇ ಇರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ನೋಟೀಸು ಅಜ್ಜನ ಹೆಸರಿಗೆ ಬರುತ್ತದೆ; ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲದಿದ್ದರೆ ಪರಿಹಾರದ ಹಣ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಪೌತಿ ಖಾತೆಯ ಅರ್ಜಿಯನ್ನು ನೋಟೀಸು ಬರುವ ಮೊದಲೇ ನಾಡಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿರಿ.