ಲಾಂಗ್‌ಸ್ಟ್ರೀಟ್‌ಗೆ ಪ್ರತಿಮೆ ಏಕಿರಲಿಲ್ಲ?

ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಉಳಿವಿಗಾಗಿ ಹೋರಾಡಿದ ದಕ್ಷಿಣದ ಸೇನಾನಿಗಳ ಪ್ರತಿಮೆಗಳನ್ನು ತೆರವು ಮಾಡುವ ಮಾತು ಬಂದಾಗಲೆಲ್ಲ ಒಂದೇ ಪ್ರತಿವಾದ ಕೇಳಿಸುತ್ತದೆ: ಅವು ವರ್ಣದ್ವೇಷದ ಗುರುತುಗಳಲ್ಲ, ಶೌರ್ಯದ ಸ್ಮಾರಕಗಳು. ಈ ವಾದವನ್ನು ಒರೆಗೆ ಹಚ್ಚಲು ಜನರಲ್ ಜೇಮ್ಸ್ ಲಾಂಗ್‌ಸ್ಟ್ರೀಟ್‌ನ ಬದುಕೊಂದೇ ಸಾಕು. ಆತ ದಂಡನಾಯಕ ರಾಬರ್ಟ್ ಲೀಯ ಬಲಗೈ. 1865ರ ಏಪ್ರಿಲ್‌ನಲ್ಲಿ ಅಪೊಮ್ಯಾಟಕ್ಸ್‌ನಲ್ಲಿ ಶರಣಾಗುವ ದಿನದವರೆಗೂ ಲೀಯ ಜೊತೆಗಿದ್ದವನು. ಲೀಯ ಪ್ರತಿಮೆ ನ್ಯೂ ಆರ್ಲಿಯನ್ಸ್‌ನಲ್ಲಿ 1884ರಲ್ಲಿ, ರಿಚ್ಮಂಡ್‌ನಲ್ಲಿ 1890ರಲ್ಲಿ ತಲೆಯೆತ್ತಿತು. ಲಾಂಗ್‌ಸ್ಟ್ರೀಟ್ 1904ರಲ್ಲಿ ತೀರಿಕೊಂಡ. ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ ಆತನ ಪ್ರತಿಮೆ ನಿಂತದ್ದು 1998ರಲ್ಲಿ.

ಈ ತಾರತಮ್ಯಕ್ಕೆ ಕಾರಣ ಯುದ್ಧದಲ್ಲಿಲ್ಲ, ಯುದ್ಧದ ನಂತರದ ರಾಜಕೀಯದಲ್ಲಿದೆ. 1867ರಲ್ಲಿ ಲಾಂಗ್‌ಸ್ಟ್ರೀಟ್ ನ್ಯೂ ಆರ್ಲಿಯನ್ಸ್‌ನ ಪತ್ರಿಕೆಗಳಿಗೆ ಪತ್ರ ಬರೆದು, ಸೋತವರು ಸೋಲನ್ನು ಒಪ್ಪಿಕೊಳ್ಳಬೇಕು, ಕಪ್ಪು ಜನರಿಗೆ ಮತದಾನದ ಹಕ್ಕು ಕೊಡುವ ಪುನರ್ನಿರ್ಮಾಣ ಕಾಯ್ದೆಗಳನ್ನು ಪಾಲಿಸಬೇಕು ಎಂದ. ಬಳಿಕ ಲಿಂಕನ್‌ನ ರಿಪಬ್ಲಿಕನ್ ಪಕ್ಷ ಸೇರಿದ. 1874ರ ಸೆಪ್ಟೆಂಬರ್ 14ರಂದು ಲೂಸಿಯಾನದ ಚುನಾಯಿತ ಸರ್ಕಾರವನ್ನು ಉರುಳಿಸಲು ಬಿಳಿಯರ ಆಧಿಪತ್ಯ ಬಯಸಿದ ವೈಟ್ ಲೀಗ್ ಸಂಘಟನೆಯ ಸಶಸ್ತ್ರ ಪಡೆ ನ್ಯೂ ಆರ್ಲಿಯನ್ಸ್‌ನಲ್ಲಿ ನುಗ್ಗಿದಾಗ, ಕಪ್ಪು ಸಿಪಾಯಿಗಳಿದ್ದ ರಾಜ್ಯಪಡೆಯ ಮುಂದೆ ನಿಂತು ಹೋರಾಡಿ, ಗಾಯಗೊಂಡು ಸೆರೆಯಾದ. ಅಂದು ಪ್ರಜಾಪ್ರಭುತ್ವದ ಪರ ನಿಂತವನಿಗೆ ಆ ನಗರ ಸ್ಮಾರಕ ಕಟ್ಟಲಿಲ್ಲ. 1891ರಲ್ಲಿ ಸ್ತಂಭ ಎತ್ತಿದ್ದು ದಂಗೆಯೆದ್ದವರಿಗೆ. 1932ರಲ್ಲಿ ಅದರ ಮೇಲೆ ಬಿಳಿಯರ ಆಧಿಪತ್ಯವನ್ನು ಕೊಂಡಾಡುವ ಬರಹವನ್ನೂ ಕೆತ್ತಿಸಲಾಯಿತು. ಅದು ತೆರವಾದದ್ದು 2017ರಲ್ಲಿ.

ಗೆಟ್ಟಿಸ್‌ಬರ್ಗ್‌ನಲ್ಲಿ ಆತ ದಾಳಿಗೆ ತಡಮಾಡಿದ್ದರಿಂದಲೇ ದಕ್ಷಿಣ ಸೋತಿತು, ಹೀಗಾಗಿ ಗೌರವ ಸಿಗಲಿಲ್ಲ ಎನ್ನುವವರಿದ್ದಾರೆ. ಆದರೆ 1863ರ ಆ ಸೋಲಿನ ನಂತರವೂ ಲೀ ಆತನನ್ನು ದೂರವಿಡಲಿಲ್ಲ. ಲೀಯ ಸೇನೆಯಲ್ಲಿದ್ದ ಇನ್ನೊಬ್ಬ ಜನರಲ್ ಜ್ಯೂಬಲ್ ಅರ್ಲಿ ಮತ್ತು ಸಂಗಡಿಗರು ಈ ಆರೋಪವನ್ನು ಜೋರಾಗಿ ಎತ್ತಿದ್ದು 1870ರಲ್ಲಿ ಲೀ ಸತ್ತ ಮೇಲೆ, ಲಾಂಗ್‌ಸ್ಟ್ರೀಟ್ ಪಕ್ಷ ಬದಲಿಸಿದ ಮೇಲೆ. ರಣರಂಗದ ತಪ್ಪೇ ಕೋಪಕ್ಕೆ ಕಾರಣವಾಗಿದ್ದರೆ ಅಷ್ಟು ವರ್ಷ ಕಾಯಬೇಕಿರಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಲಾಂಗ್‌ಸ್ಟ್ರೀಟ್ ಸಂತನಲ್ಲ. ಗುಲಾಮಗಿರಿಯನ್ನು ಕಾಯುವ ಸೇನೆಯಲ್ಲಿ ನಾಲ್ಕು ವರ್ಷ ಪಡೆಗಳನ್ನು ಮುನ್ನಡೆಸಿದವನು. ಬಿಳಿಯರು ಸಹಕರಿಸಿದರೆ ಮಾತ್ರ ರಾಜಕೀಯ ಹಿಡಿತ ಅವರ ಕೈಯಲ್ಲಿ ಉಳಿದೀತು ಎಂಬ ಲೆಕ್ಕಾಚಾರವೂ ಆತನ ನಿಲುವಿನಲ್ಲಿತ್ತು. 1869ರಲ್ಲಿ ಹಳೆಯ ಗೆಳೆಯ, ಅಧ್ಯಕ್ಷ ಗ್ರಾಂಟ್ ಆತನಿಗೆ ಸುಂಕದ ಇಲಾಖೆಯಲ್ಲಿ ಹುದ್ದೆಯನ್ನೂ ಕೊಟ್ಟ. ಇದೆಲ್ಲ ಸತ್ಯ. ಆದರೆ ಹುದ್ದೆಯ ಆಸೆಯಷ್ಟೇ ಇದ್ದವನು ತನ್ನ ಹಳೆಯ ಸಂಗಾತಿಗಳ ಬಂದೂಕಿಗೆ ಎದೆಯೊಡ್ಡಿ ಬೀದಿಯಲ್ಲಿ ನಿಲ್ಲುವುದಿಲ್ಲ. ಅಲ್ಲದೆ ನನ್ನ ವಾದ ಆತನನ್ನು ಪೂಜಿಸಬೇಕೆಂಬುದಲ್ಲ. ಕಪ್ಪು ಜನರ ಸ್ವಾತಂತ್ರ್ಯವನ್ನು ಗೆದ್ದುಕೊಟ್ಟವನು ಆತನಲ್ಲ. ಆ ಹೋರಾಟದ ನಿಜವಾದ ನಾಯಕರು ಸ್ವತಃ ಕಪ್ಪು ಜನರೇ.

ಪ್ರತಿಮೆ ಕಟ್ಟಿದವರು ಏನನ್ನು ಗೌರವಿಸಿದರು ಎಂಬುದಕ್ಕೆ ಆತ ಸಾಕ್ಷಿ. ಒಂದೇ ಸೇನೆ, ಒಂದೇ ಸಮವಸ್ತ್ರ, ಒಂದೇ ಯುದ್ಧ. ಕಪ್ಪು ಜನರ ಮತದ ಹಕ್ಕನ್ನು ಒಪ್ಪಿದವನಷ್ಟೇ ದ್ರೋಹಿಯಾದ. ಹಾಗಾಗಿ ಇನ್ನೂ ಉಳಿದಿರುವ ಅಂಥ ಪ್ರತಿಮೆಗಳನ್ನು ಸಾರ್ವಜನಿಕ ಚೌಕಗಳಿಂದ ತೆಗೆದು, ಯಾರು, ಯಾವಾಗ, ಏಕೆ ನಿಲ್ಲಿಸಿದರು ಎಂಬ ವಿವರದೊಂದಿಗೆ ವಸ್ತುಸಂಗ್ರಹಾಲಯಗಳಲ್ಲಿ ಇಡಬೇಕು. ಇದರಿಂದ ಇತಿಹಾಸ ಅಳಿಯುವುದಿಲ್ಲ. ಲಾಂಗ್‌ಸ್ಟ್ರೀಟ್‌ನ ಹೆಸರನ್ನು ನೂರು ವರ್ಷ ಬದಿಗೆ ಸರಿಸಿದವರೇ ಇತಿಹಾಸವನ್ನು ಅಳಿಸಲು ಹೊರಟವರು.