ಓಡದ ಕಾರಿನ ಬೆಲೆ

ಮದುವೆಯಲ್ಲಿ ಒಮ್ಮೆ ಉಟ್ಟು, ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಜರತಾರಿ ಸೀರೆ ಹೊಸದೊ, ಹಳೆಯದೊ? ಉಟ್ಟ ಲೆಕ್ಕ ಹಿಡಿದರೆ ಅದು ಹೊಸದೇ ಸರಿ. ಆದರೆ ಇಪ್ಪತ್ತೈದು ವರ್ಷಗಳ ಬಳಿಕ ಹೊರತೆಗೆದು ಬಿಡಿಸಿದಾಗ ಮಡಿಕೆಯ ಗೆರೆಯ ಉದ್ದಕ್ಕೂ ಅದು ಸೀಳಿಹೋದರೆ, ‘ಒಮ್ಮೆ ಮಾತ್ರ ಉಟ್ಟದ್ದು’ ಎಂಬ ಮಾತಿಗೆ ಏನು ಬೆಲೆ ಉಳಿಯಿತು? ಬಳಸಿದ ವಸ್ತು ಸವೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಬಳಸದೆ ಇಟ್ಟ ವಸ್ತುವೂ ಸವೆಯುತ್ತದೆಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಗೃಹಿಣಿಯರಿಗೆ ಚೆನ್ನಾಗಿ ತಿಳಿದಿರುವ ಈ ಸಂಗತಿಯನ್ನು ಮರೆತು ಸಾವಿರಾರು ಡಾಲರುಗಳನ್ನು ಸುರಿಯುವವರನ್ನು ನೋಡಬೇಕಾದರೆ ಅಮೆರಿಕದ ಹಳೆಯ ಕಾರುಗಳ ಹರಾಜುಕಟ್ಟೆಗೆ ಹೋಗಬೇಕು.

ಹಳೆಯ ಕಾರುಗಳನ್ನು ಸಂಗ್ರಹಿಸುವುದು ಅಲ್ಲಿ ದೊಡ್ಡ ಹವ್ಯಾಸ. ಆ ಹವ್ಯಾಸದ ಬೆನ್ನಿಗೆ ಬೆಳೆದಿರುವ ವ್ಯಾಪಾರವೂ ದೊಡ್ಡದೇ. ಈ ವ್ಯಾಪಾರದಲ್ಲಿ ತೀರ ಕಡಮೆ ಓಡಿರುವ ಕಾರಿಗೆ ಸಲ್ಲುವ ಮರ್ಯಾದೆಯೇ ಬೇರೆ. ನೆಬ್ರಾಸ್ಕ ರಾಜ್ಯದಲ್ಲಿ ಪಿಯರ್ಸ್ ಎಂಬುದೊಂದು ಪುಟ್ಟ ಊರು. ಅಲ್ಲಿ ಲ್ಯಾಂಬ್ರೆಕ್ಟ್ ಎಂಬ ಹೆಸರಿನ ಷೆವರ್ಲೆ ಕಾರುಗಳ ಅಂಗಡಿ 1946ರಿಂದ 1996ರವರೆಗೆ ನಡೆಯಿತು. ಒಂದು ವರ್ಷದ ಮಾದರಿಯ ಕಾರು ಆ ವರ್ಷ ಬಿಕರಿಯಾಗದಿದ್ದರೆ, ಬೆಲೆ ಇಳಿಸಿ ಸಾಗಹಾಕುವುದರ ಬದಲು ಅದನ್ನು ಒಂದೆಡೆ ನಿಲ್ಲಿಸಿಬಿಡುವುದು ಆ ಅಂಗಡಿಯ ರೂಢಿಯಾಗಿತ್ತು. ಹೀಗೆ ನಿಂತವುಗಳ ಜೊತೆಗೆ, ಗಿರಾಕಿಗಳು ಹೊಸ ಕಾರು ಕೊಳ್ಳುವಾಗ ಬದಲಿಗೆ ಕೊಟ್ಟುಹೋದ ಹಳೆಯ ಗಾಡಿಗಳೂ ಸೇರಿದವು. 2013ರ ಸೆಪ್ಟೆಂಬರ್ 28 ಮತ್ತು 29ರಂದು ಎಲ್ಲವನ್ನೂ ಹರಾಜಿಗೆ ಇಟ್ಟಾಗ ಗಾಡಿಗಳ ಸಂಖ್ಯೆ ಐನೂರರ ಹತ್ತಿರ ಹತ್ತಿರವಿತ್ತು. ಸಾವಿರಾರು ಜನ ಆ ಪುಟ್ಟ ಊರಿನಲ್ಲಿ ನೆರೆದರು. ಕಾರುಗಳ ಮೇಲಿನ ಧೂಳನ್ನು ಕೂಡ ಒರೆಸದೆ ಇದ್ದಂತೆಯೇ ಮಾರಿದರು. 1958ರಲ್ಲಿ ತಯಾರಾಗಿ ಕೇವಲ 1.3 ಮೈಲಿ ಓಡಿದ್ದ ಕ್ಯಾಮಿಯೊ ಎಂಬ ಪಿಕಪ್ ಗಾಡಿ 1,40,000 ಡಾಲರಿಗೆ ಹೋಯಿತು!

ಈ ಸುದ್ದಿಯನ್ನು ಕೇಳಿದವರಿಗೆ ಮೀಟರಿನ ಅಂಕೆಯೊಂದೇ ಬೆಲೆಯನ್ನು ನಿರ್ಣಯಿಸಿತೆಂದು ತೋರುವುದು ಸಹಜ. ನಿಪುಣರಾದ ಪರೀಕ್ಷಕರು ಹಾಗೆ ಭಾವಿಸುವುದಿಲ್ಲ. ಅವರ ಪಾಲಿಗೆ ಆ ಅಂಕೆ ಒಬ್ಬ ಸಾಕ್ಷಿಯ ಹೇಳಿಕೆ ಮಾತ್ರ. ಅದನ್ನು ಪಾಟೀಸವಾಲಿಗೆ ಒಳಪಡಿಸದೆ ಒಪ್ಪುವಂತಿಲ್ಲ.

ಮೊದಲನೆಯ ಪ್ರಶ್ನೆ: ಆ ಅಂಕೆ ನಿಜವೆ? ಐವತ್ತು ಅರವತ್ತರ ದಶಕಗಳ ಬಹುಪಾಲು ಅಮೆರಿಕನ್ ಕಾರುಗಳ ಮೀಟರಿನಲ್ಲಿ ಮೈಲಿಗಳಿಗೆಂದು ಇದ್ದದ್ದು ಐದೇ ಸ್ಥಾನ. 99,999 ಮುಗಿದೊಡನೆ ಅದು ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಆದುದರಿಂದ 12,000 ಎಂದು ತೋರಿಸುವ ಕಾರು ನಿಜವಾಗಿ 1,12,000 ಮೈಲಿ ಓಡಿರಬಹುದು. ಇದು ಸಾಲದೆಂಬಂತೆ ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕವೂ ಒಂದು ಕಾಲದಲ್ಲಿ ಯಥೇಚ್ಛವಾಗಿ ನಡೆದಿತ್ತು. ಅಮೆರಿಕದ ಕೇಂದ್ರ ಸರ್ಕಾರ 1972ರ ಕಾನೂನಿನಿಂದ ಅದನ್ನು ನಿಷೇಧಿಸಿತು. ಆದರೆ ಮಾರುವವನು ಮೈಲಿಗಳ ಲೆಕ್ಕವನ್ನು ಬರೆದು ದೃಢಪಡಿಸಬೇಕೆಂಬ ವಿಧಿಯಿಂದ ಬಹಳ ಹಳೆಯ ಗಾಡಿಗಳಿಗೆ ವಿನಾಯಿತಿ ಇದೆ. ಯಾವ ಕಾರಿಗೆ ಅಂಕೆಯೇ ಪ್ರಾಣವೋ, ಆ ಕಾರಿನ ಅಂಕೆಗೇ ಕಾನೂನಿನ ಜಾಮೀನಿಲ್ಲ!

ಇಂತಿರುವಲ್ಲಿ ಪರೀಕ್ಷಕನು ಕಾರಿನ ಮೈಯನ್ನೇ ಓದಬೇಕಾಗುತ್ತದೆ. ಕಾಲಿಟ್ಟು ಒತ್ತುವ ಬ್ರೇಕಿನ ರಬ್ಬರು ನುಣುಪಾಗಿದೆಯೆ? ಚಾಲಕನ ಆಸನದಲ್ಲಿ, ಹತ್ತಿ ಇಳಿಯುವ ಕಡೆಯ ಅಂಚು ಜಗ್ಗಿದೆಯೆ? ಬಾಗಿಲಿನ ಕೀಲು ಸಡಿಲವಾಗಿದೆಯೆ? ಮೂರು ಸಾವಿರ ಮೈಲಿ ಓಡಿದ ಕಾರಿನಲ್ಲಿ ಇವಾವುವೂ ಸವೆದಿರಲು ಕಾರಣವಿಲ್ಲ. ಗಾಜಿನ ಮೂಲೆಯಲ್ಲಿ ತಯಾರಿಕೆಯ ಕಾಲವನ್ನು ಸೂಚಿಸುವ ಸಂಕೇತ ಇರುತ್ತದೆ. ಅದು ಕಾರಿನ ವಯಸ್ಸಿಗೆ ಹೊಂದದಿದ್ದರೆ ಆ ಗಾಜು ಎಂದೋ ಒಡೆದು ಬದಲಾಗಿದೆಯೆಂದು ತಿಳಿಯಬೇಕು. 2000ದಿಂದ ಈಚಿನ ಟೈರುಗಳ ಮೇಲೆ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಬಣ್ಣದ ದಪ್ಪವನ್ನು ಅಳೆಯುವ ಚಿಕ್ಕ ಉಪಕರಣವೊಂದುಂಟು. ಒಂದು ಬಾಗಿಲಿನ ಬಣ್ಣ ಉಳಿದ ಭಾಗಕ್ಕಿಂತ ದಪ್ಪವಾಗಿದ್ದರೆ, ಅಲ್ಲಿ ಮುಚ್ಚಿಟ್ಟ ಕಥೆಯೊಂದಿದೆ ಎಂದರ್ಥ. ಎಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯವೆಂದರೆ ಕಾಗದಪತ್ರಗಳು: ಕೊಂಡ ರಸೀದಿ, ರಿಪೇರಿಯ ಬಿಲ್ಲುಗಳು, ವರ್ಷ ವರ್ಷದ ತಪಾಸಣೆಯ ಚೀಟಿಗಳು. ಪಿಯರ್ಸಿನ ಓಡದ ಕಾರುಗಳಿಗೆ ಅಷ್ಟು ಬೆಲೆ ಬರಲು ಇದೇ ಮುಖ್ಯ ಕಾರಣ. ಅವು ಯಾರ ಹೆಸರಿಗೂ ನೋಂದಣಿಯಾಗದೆ, ತಯಾರಕರ ಮೂಲಪತ್ರದೊಡನೆಯೇ ಉಳಿದಿದ್ದವು. ಅಲ್ಲಿ ಮೀಟರಿನ ಮಾತಿಗೆ ಕಾಗದದ ಬೆಂಬಲವಿತ್ತು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನ: ಅಂಕೆ ನಿಜವೆಂದೇ ಇಟ್ಟುಕೊಳ್ಳೋಣ, ಕಾರಿನ ಸ್ಥಿತಿ ಹೇಗಿದೆ? ಇದಕ್ಕೆ ಒಕ್ಲಹೋಮ ರಾಜ್ಯದ ಟಲ್ಸಾ ನಗರದ ಕಥೆ ಕನ್ನಡಿಯಂತಿದೆ. ರಾಜ್ಯ ಸ್ಥಾಪನೆಯ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, 1957ರ ಜೂನ್ 15ರಂದು, ಆ ನಗರದವರು ಹೊಚ್ಚ ಹೊಸ ಪ್ಲಿಮತ್ ಬೆಲ್ವಡೀರ್ ಕಾರೊಂದನ್ನು ನ್ಯಾಯಾಲಯದ ಅಂಗಳದ ಕೆಳಗೆ ಕಾಂಕ್ರೀಟಿನ ನೆಲಮಾಳಿಗೆಯಲ್ಲಿ ಹೂತಿಟ್ಟರು. ಐವತ್ತು ವರ್ಷಗಳ ಅನಂತರ ನಗರದ ಜನಸಂಖ್ಯೆ ಎಷ್ಟಾಗಿರುತ್ತದೆಂದು ಎಲ್ಲರಿಗಿಂತ ಸಮೀಪವಾಗಿ ಊಹಿಸಿದವರಿಗೆ ಅದು ಬಹುಮಾನ. ಅಣುಬಾಂಬಿಗೂ ಜಗ್ಗದೆಂದು ಹೊಗಳಿಸಿಕೊಂಡಿದ್ದ ಆ ಮಾಳಿಗೆ ನೀರಿಗೆ ಜಗ್ಗಿತು. 2007ರ ಜೂನಿನಲ್ಲಿ ಮುಚ್ಚಳ ತೆಗೆದಾಗ ಒಳಗೆ ನೀರು ನಿಂತಿತ್ತು. ಸಾವಿರಾರು ಜನರ ಎದುರಿಗೆ ಹೊದಿಕೆ ಸರಿಸಿದರೆ ಕಂಡದ್ದು ತುಕ್ಕಿನ ಮುದ್ದೆ. ಸರಿಯಾಗಿ ಊಹಿಸಿ ಗೆದ್ದ ವ್ಯಕ್ತಿಯೋ 1979ರಲ್ಲೇ ತೀರಿಕೊಂಡಿದ್ದರು. ಐವತ್ತು ವರ್ಷ ತುಂಬಿದ ಆ ಕಾರಿನಷ್ಟು ಕಡಮೆ ಓಡಿದ್ದು ಅಪರೂಪ. ಅದರಷ್ಟು ಕೆಟ್ಟದ್ದೂ ಅಪರೂಪವೇ. ಈಗ ಅದು ಇಲಿನಾಯ್ ರಾಜ್ಯದ ಒಂದು ವಸ್ತುಸಂಗ್ರಹಾಲಯವನ್ನು ಸೇರಿದೆ.

ನೀರು ನುಗ್ಗದಿದ್ದರೂ ಕಾಲ ತನ್ನ ಕೆಲಸವನ್ನು ಬಿಡುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ವರ್ಷಗಳು ಕಳೆದಂತೆ ಅಂಟಾದ ರಾಳವಾಗಿ ಕೊಳವೆಗಳನ್ನು ಕಟ್ಟುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿ ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ರಬ್ಬರಿನ ಕೊಳವೆಗಳೂ ಬೆಲ್ಟುಗಳೂ ಒಣಗಿ ಬಿರಿಯುತ್ತವೆ. ಒಂದೇ ಜಾಗದಲ್ಲಿ ನಿಂತ ಟೈರು ತಳದಲ್ಲಿ ಚಪ್ಪಟೆಯಾಗುತ್ತದೆ. ಇಲಿಗಳಂತೂ ಆಸನದ ಹತ್ತಿಯಲ್ಲಿ ಗೂಡು ಕಟ್ಟಿ, ವಿದ್ಯುತ್ತಿನ ತಂತಿಗಳನ್ನು ಕಡಿದು, ತಮ್ಮ ಬಾಡಿಗೆಯನ್ನು ಸಲ್ಲಿಸಿಹೋಗುತ್ತವೆ! ಆದಕಾರಣ, ವರ್ಷಕ್ಕೆ ಐನೂರು ಮೈಲಿ ಓಡಿಸಿ, ಎಣ್ಣೆ ಬದಲಿಸಿ, ಒಣ ಜಾಗದಲ್ಲಿ ನಿಲ್ಲಿಸಿದ ಕಾರು ಹಲವು ವೇಳೆ ನಾಲ್ಕು ಮೈಲಿಯ ಕಾರಿಗಿಂತ ಆರೋಗ್ಯವಾಗಿರುತ್ತದೆ.

ಹಾಗಾದರೆ ಕೆಟ್ಟದ್ದನ್ನೆಲ್ಲ ಬದಲಿಸಿ, ಬಣ್ಣ ಬಳಿದು ಹೊಸದು ಮಾಡಬಾರದೆ? ಇಲ್ಲಿಯೇ ಇರುವುದು ಕಗ್ಗಂಟು. ಕಾರ್ಖಾನೆಯಿಂದ ಬಂದ ಮೂಲರೂಪ ಒಂದು ಕಾರಿಗೆ ಒಂದೇ ಬಾರಿ ದೊರೆಯುವುದು. ಎಷ್ಟೇ ಹಣ ಚೆಲ್ಲಿದರೂ ಅದನ್ನು ಎರಡನೆಯ ಸಲ ತರಲಾಗದು. ಕಡಮೆ ಓಡಿದ ಕಾರಿಗೆ ಕೊಡುವ ಹೆಚ್ಚಿನ ಹಣವೆಲ್ಲ ಈ ಮೂಲರೂಪಕ್ಕೆ ಸಲ್ಲುವ ಕಾಣಿಕೆ. ಬಣ್ಣ ಬಳಿದ ದಿನವೇ ಅದರಲ್ಲಿ ಬಹುಭಾಗ ಕರಗಿಹೋಗುತ್ತದೆ. ಬಳಿಯದಿದ್ದರೆ ತುಕ್ಕು ತಿನ್ನುತ್ತದೆ. ಮೂಲರೂಪವೂ ಆರೋಗ್ಯವೂ ಒಂದೆಡೆ ಸೇರಿದ ಕಾರಿಗೆ ಮಾತ್ರ ದೊಡ್ಡ ಬೆಲೆ ನ್ಯಾಯವಾದದ್ದು.

ಮೂರನೆಯ ಪ್ರಶ್ನೆ: ಅಂಥದನ್ನು ಇನ್ನೆಷ್ಟು ಜನ ಬಚ್ಚಿಟ್ಟಿದ್ದಾರೆ? 1976ರಲ್ಲಿ ಕ್ಯಾಡಿಲ್ಯಾಕ್ ಸಂಸ್ಥೆಯ ಎಲ್ಡೊರಾಡೊ, ಅಮೆರಿಕದ ಕಟ್ಟಕಡೆಯ ಮಡಿಸುವ ಚಾವಣಿಯ ಕಾರೆಂದು ಪ್ರಸಿದ್ಧಿ ಪಡೆಯಿತು. ಆ ವರ್ಷ ತಯಾರಾದವು 14,000. ಮುಂದೆ ಚಿನ್ನವಾಗುವುದೆಂದು ನಂಬಿ ಎಷ್ಟೋ ಜನ ಅದನ್ನು ಕೊಂಡು ಓಡಿಸದೆ ಇಟ್ಟರು. 1984ರಲ್ಲಿ ಅದೇ ಸಂಸ್ಥೆ ಮಡಿಸುವ ಚಾವಣಿಯ ಎಲ್ಡೊರಾಡೊವನ್ನು ಮತ್ತೆ ಮಾರುಕಟ್ಟೆಗೆ ತಂದಿತು! 1978ರಲ್ಲಿ ಇಂಡಿಯಾನಾಪೊಲಿಸ್ ಪಂದ್ಯದ ನೆನಪಿಗಾಗಿ ತಯಾರಾದ 6,502 ಕಾರ್ವೆಟ್ ಕಾರುಗಳ ಕಥೆಯೂ ಇಂಥದೇ. ಎಲ್ಲರೂ ಬಚ್ಚಿಟ್ಟದ್ದರಿಂದ ಓಡದ ಕಾರ್ವೆಟ್ ಅಪರೂಪದ ವಸ್ತುವಾಗಲೇ ಇಲ್ಲ. ಪಿಯರ್ಸಿನಲ್ಲಿ ನಾಲ್ಕು ಮೈಲಿಯ ಅಂಥದೊಂದು 80,000 ಡಾಲರಿಗೆ ಹೋದದ್ದು ಆ ದಿನದ ಉತ್ಸಾಹದ ಮಹಿಮೆ. ಬೇರೆಡೆ ಅದರ ಒಡಹುಟ್ಟುಗಳಿಗೆ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಮೆ ಬೆಲೆ.

ಹರಾಜಿನ ಜಾಗವೇ ಅಂಥದು. ಕೂಗುವವನ ಗತಿ ಏರಿದಂತೆ ಕೇಳುವವನ ಎದೆಬಡಿತವೂ ಏರುತ್ತದೆ. ‘ಇದ್ದಂತೆಯೇ ಮಾರಾಟ’ ಎಂದು ಮೊದಲೇ ಸಾರಿರುವುದರಿಂದ, ಸುತ್ತಿಗೆ ಬಿದ್ದ ಮೇಲೆ ದೂರಿಗೆ ಎಡೆಯಿರುವುದು ಅಪರೂಪ. ಐವತ್ತು ಸಾವಿರಕ್ಕೆ ಸವಾಲು ಗೆದ್ದವನು ಶೇಕಡ ಹತ್ತರಷ್ಟು ಹರಾಜಿನ ಶುಲ್ಕವೂ ಇದ್ದರೆ ಐವತ್ತೈದು ಸಾವಿರ ಎಣಿಸಬೇಕು. ಸಾಗಣೆಯ ಖರ್ಚು ಬೇರೆ. ಟೈರು, ಬ್ರೇಕು, ಟ್ಯಾಂಕುಗಳನ್ನು ಸರಿಪಡಿಸುವ ಖರ್ಚು ಇನ್ನೂ ಬೇರೆ. ಜಾಣನಾದವನು ಈ ಎಲ್ಲವನ್ನೂ ಕಳೆದು, ತನ್ನ ಮಿತಿಯನ್ನು ಮನೆಯಲ್ಲೇ ಚೀಟಿಯ ಮೇಲೆ ಬರೆದುಕೊಂಡು ಹೋಗುತ್ತಾನೆ. ಆ ಅಂಕೆ ದಾಟಿದೊಡನೆ ಕೈಯನ್ನು ಜೇಬಿಗೆ ಸೇರಿಸುತ್ತಾನೆ.

ಇಷ್ಟೆಲ್ಲ ಪರೀಕ್ಷಿಸಿ ಕೊಂಡವನ ಪಾಡಾದರೂ ಏನು? ಅವನು ಬೆಲೆ ತೆತ್ತದ್ದು ಕಾರು ಓಡಲಿಲ್ಲವೆಂಬ ಕಾರಣಕ್ಕೆ. ಅದನ್ನು ಓಡಿಸಿದ ಪ್ರತಿಯೊಂದು ಮೈಲಿಯೂ ಆ ಬೆಲೆಯನ್ನು ಕೊರೆಯುತ್ತದೆ. ಓಡಿಸದೆ ಇಟ್ಟರೆ ಕೊರೆಯುವ ಕೆಲಸವನ್ನು ಕಾಲ ವಹಿಸಿಕೊಳ್ಳುತ್ತದೆ. ಹೀಗಾಗಿ ಅವನು ಕಾರಿನ ಒಡೆಯನಾಗುವ ಬದಲು ಕಾವಲುಗಾರನಾಗುತ್ತಾನೆ. ಮುಂದಿನ ಹರಾಜಿನವರೆಗೆ ಅದನ್ನು ಒರೆಸಿ, ಬಿಸಿಮಾಡಿ, ಇಲಿಗಳಿಂದ ಕಾಪಾಡುವುದೇ ಅವನ ಭಾಗ್ಯ. ಅದರಲ್ಲೇ ಸುಖ ಕಾಣಬಲ್ಲವನು ಧಾರಾಳವಾಗಿ ಸವಾಲು ಕೂಗಲಿ. ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಸಂಜೆಯ ತಂಗಾಳಿಗೆ ಹೊರಡಬೇಕೆಂಬ ಆಸೆಯುಳ್ಳವನಾದರೋ, ನಲವತ್ತು ಸಾವಿರ ಮೈಲಿ ನಡೆದು, ನಡೆದ ದಾರಿಗೆಲ್ಲ ರಸೀದಿ ತೋರಿಸಬಲ್ಲ ಕಾರನ್ನು ಅರ್ಧ ಬೆಲೆಗೆ ಕೊಳ್ಳುವುದು ಲೇಸು. ಅದರ ಮೇಲೆ ಇನ್ನೊಂದು ಮೈಲಿ ಏರಿದರೆ ಯಾರ ಎದೆಯೂ ಒಡೆಯುವುದಿಲ್ಲ.